ಒಂದು ಗಾಡಿಯಷ್ಟು ಮುಂದೆ

ಭಾವನಿಗೆ ಮಕ್ಕಳಿಲ್ಲವೆಂದು ಯಾರಾದರೂ ಲೊಚಗುಟ್ಟಿದರೆ ಅಕ್ಕ ನಗುತ್ತ, "ಯಾಕಿಲ್ಲ? ಕೆಳಗೆ ಶೆಡ್ಡಲ್ಲಿ ಮಲಗಿದೆ ನೋಡಿ. ಎರಡೂವರೆ ಟನ್ ತೂಕ. ದಿನಾ ಬೆಳಿಗ್ಗೆ ಎಬ್ಬಿಸಿ ಮುಖ ಒರೆಸ್ತಾರೆ," ಎನ್ನುತ್ತಿದ್ದಳು.

ಆ ಕೂಸು ಒಂದು ಕಪ್ಪು ಗಾಡಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹರಿಯುವ, ಮೆಟ್ಟಿಲು ಹತ್ತಿ ಏರಬೇಕಾದ, ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕವೇ ಮೂಕವಾಗಿಬಿಡುವ ಗಾಡಿ. ಅದು ದೊಡ್ಡ ಯಜಮಾನರದು. ಭಾವ ಅದರ ಡ್ರೈವರ್. ಶೆಡ್ಡಿನ ಮೇಲಿನ ಒಂದೇ ಕೋಣೆಯಲ್ಲಿ ಅವರ ಸಂಸಾರ. ಅಕ್ಕನ ಹೊಲಿಗೆ ಯಂತ್ರ ಮಂಚದ ತುದಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಅವಳು ಹೊಲಿಯುವಾಗ ಭಾವ ಕಾಲು ಮಡಚಿಕೊಂಡು ಮಲಗಬೇಕಿತ್ತು.

ಆ ಗಾಡಿಯ ಗೇರಿನ ಪಕ್ಕದಲ್ಲಿ ಒಂದು ಸಣ್ಣ ಗುಂಡಿ. ಅದನ್ನು ಒತ್ತಿದರೆ ಚಕ್ರಗಳು ಒಂದಕ್ಕೊಂದು ಕಟ್ಟಿಕೊಂಡು ಒಟ್ಟಿಗೇ ತಿರುಗುತ್ತವಂತೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಉಳಿದವು ಗಾಡಿಯನ್ನು ಎತ್ತಿಕೊಂಡು ಹೋಗುತ್ತವಂತೆ. ಭಾವ ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಯಜಮಾನರು ಹೋಗುತ್ತಿದ್ದುದು ಕಾರ್ಖಾನೆಗೆ, ಬ್ಯಾಂಕಿಗೆ, ಕಣ್ಣಿನ ಡಾಕ್ಟರ ಹತ್ತಿರಕ್ಕೆ. ಪಟ್ಟದಾನೆಯನ್ನು ಹಾಲು ತರಲು ಕಳಿಸಿದ ಹಾಗೆ.

"ಒಂದು ಸಲ ಒತ್ತಿ ಭಾವ, ಏನಾಗತ್ತೆ ನೋಡೋಣ," ಎಂದು ನಾನು ಕಾಡಿದರೆ, "ಟಾರ್ ರೋಡಲ್ಲಿ ಒತ್ತಬಾರದು ಕಥೆಪುಟ್ಟಿ, ಗೇರಿಗೆ ನೋವಾಗತ್ತೆ," ಎನ್ನುತ್ತಿದ್ದರು. ಮನೆಯಲ್ಲಿ ನನ್ನ ಹೆಸರೇ ಕಥೆಪುಟ್ಟಿ. ಅಜ್ಜಿಯ ಮಗ್ಗುಲಲ್ಲೇ ಬೆಳೆದವಳು ನಾನು. ಕಿವಿ ತಿರುವಿದರೆ ಹಾರುವ ಮರದ ಕುದುರೆ ಅಜ್ಜಿಯ ಕಥೆಯೊಳಗಿತ್ತು. ಆ ಗುಂಡಿಯನ್ನು ಕಂಡಾಗಲೆಲ್ಲ ನನಗೆ ಆ ಕುದುರೆಯ ಕಿವಿ ನೆನಪಾಗುತ್ತಿತ್ತು.

ನನಗೆ ಸಿಕ್ಕ ಕೆಲಸವೂ ಕುದುರೆಗಳದ್ದೇ ಎನ್ನಬಹುದು. ಗಾಡಿಗಳನ್ನು ಓಡಿಸಿ, ಹೋಲಿಸಿ, ಅಂಕ ಕೊಡುವ ಮಾಸಪತ್ರಿಕೆ ಅದು. ಕಚೇರಿ ಎಂದರೆ ಒಂದು ಟೈರಿನ ಅಂಗಡಿಯ ಮಹಡಿ. ಬೇಸಿಗೆಯಲ್ಲಿ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬಂದು ನಮ್ಮ ಜೊತೆ ಚಹಾ ಕುಡಿಯುತ್ತಿತ್ತು. ಇದ್ದವರು ನಾಲ್ಕೇ ಜನ. ಒಬ್ಬರು ಸಂಪಾದಕರು. ಇನ್ನೊಬ್ಬರು ಗೇರಣ್ಣ, ಪರೀಕ್ಷೆಯ ಡ್ರೈವರ್, ಹಿಂದೊಮ್ಮೆ ರ‍್ಯಾಲಿಗಳಲ್ಲಿ ಓಡಿಸಿ ಮೂಳೆ ಮುರಿದುಕೊಂಡವರು. ಮೂರನೆಯವನು ಫೋಟೋ ತೆಗೆಯುವ ಬಿಸಿಲಪ್ಪ. ಸದಾ ಬಿಸಿಲಿಗೆ ಕಾಯುವವನಾದ್ದರಿಂದ ಆ ಹೆಸರು. ನಾಲ್ಕನೆಯವಳು ನಾನು. ಅವರು ಹೇಳಿದ್ದನ್ನು ವಾಕ್ಯ ಮಾಡುವುದು ನನ್ನ ಪಾಲು. "ರೆಕ್ಕೆ, ಮೋಡ ಎಲ್ಲ ಬೇಡಮ್ಮ," ಎನ್ನುತ್ತಿದ್ದರು ಸಂಪಾದಕರು. "ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರ ಅಂತ ಬರಿ, ಸಾಕು."

ಆ ವರ್ಷ ದೊಡ್ಡ ಯಜಮಾನರ ಕಣ್ಣು ಮಂಜಾಯಿತು. ಓಡಾಟ ನಿಂತಿತು. ಗಾಡಿ ಮಾರಿ, ಮನೆ ಮಾರಿ, ಮಗಳ ಮನೆ ಸೇರುವುದೆಂದು ಅವರು ತೀರ್ಮಾನಿಸಿದರು. ಶೆಡ್ಡು ಹೋದರೆ ಮೇಲಿನ ಕೋಣೆಯೂ ಹೋದಂತೆ. ಅಕ್ಕ ಕೆಲವು ದಿನ ಹೊಲಿಗೆ ಯಂತ್ರವನ್ನೇ ಮುಟ್ಟಲಿಲ್ಲ.

ಆಗ ಬಂದವರು ಕಲ್ಲುಗಣಿಯ ಯಜಮಾನರು. ಗಾಡಿಯನ್ನು ಸುತ್ತ ನೋಡಿದರು, ಬಾಗಿಲು ತೆರೆದು ವಾಸನೆ ನೋಡಿದರು, ಭಾವನನ್ನೂ ಹಾಗೇ ಮೇಲಿಂದ ಕೆಳಗೆ ನೋಡಿದರು. "ಇಷ್ಟು ಚೆನ್ನಾಗಿಟ್ಟಿದ್ದೀಯಲ್ಲ, ಗಾಡಿ ಜೊತೆ ನೀನೂ ಬಂದ್ಬಿಡು. ಗಣಿ ಹತ್ರ ಎರಡು ಕೋಣೆ ಮನೆ ಇದೆ, ಖಾಲಿ ಬಿದ್ದಿದೆ," ಎಂದರು. ಆಮೇಲೆ ತಲೆ ಕೆರೆದುಕೊಂಡು, "ಆದ್ರೆ ಒಂದು. ಇದು ಟಾರ್ ಬಿಟ್ಟು ಬೇರೆ ನೆಲ ಕಂಡಿಲ್ಲ. ನಂದು ಕಲ್ಲುಮುಳ್ಳಿನ ದಾರಿ. ಅರ್ಧದಲ್ಲಿ ಕೂತ್ಕೊಂಡ್ರೆ? ಹೊಸದೇ ತಗೊಳ್ಳೋಣ ಅಂತ ನನ್ನ ಮಗ ಬಡ್ಕೋತಿದ್ದಾನೆ. ಹೊಸದಕ್ಕಾದ್ರೆ ಡ್ರೈವರ್ರೂ ಬೇಡವಂತೆ, ಅವನೇ ಓಡಿಸ್ತಾನಂತೆ," ಎಂದರು.

ಅದೇ ವಾರ ನಮ್ಮ ಕಚೇರಿಯಲ್ಲಿ ಎರಡು ಹೊಸ ಐಷಾರಾಮಿ ಗಾಡಿಗಳನ್ನು ಕಾಡುದಾರಿಯಲ್ಲಿ ಹೋಲಿಸುವ ಮಾತು ನಡೆದಿತ್ತು. ಒಂದು ಬೆಳ್ಳಿ ಬಣ್ಣದ್ದು, ಇನ್ನೊಂದು ಹಸಿರು. "ಜೊತೆಗೊಂದು ಹಳೇ ಹುಲಿ ಇದ್ರೆ ಮಜಾ ಇರತ್ತೆ," ಎಂದರು ಸಂಪಾದಕರು. ಶೆಡ್ಡಿನ ಹುಲಿಯ ಸುದ್ದಿ ನಾನು ಹೇಳಿದೆ. ಸಂಪಾದಕರೇ ದೊಡ್ಡ ಯಜಮಾನರಿಗೆ ಫೋನು ಮಾಡಿದರು. ಅವರು ಮಗುವಿನಂತೆ ಹಿಗ್ಗಿದರಂತೆ: "ಒಯ್ಯಿರಿ, ಒಯ್ಯಿರಿ. ಪಾಪ, ಅದೂ ಒಂದು ದಿನ ಮಣ್ಣು ಮುಟ್ಟಲಿ. ಗೆದ್ರೆ ಗಣಿಯವರ ಬಾಯಿ ಮುಚ್ಚತ್ತೆ."

ಗೆದ್ದರೆ ಕೆಲಸ, ಗೆದ್ದರೆ ಎರಡು ಕೋಣೆ. ಅಕ್ಕ ಆ ಖಾಲಿ ಮನೆಗೆ ಹೋಗಿ ಕಿಟಕಿಗಳನ್ನು ಗೇಣಿನಲ್ಲಿ ಅಳೆದು ಬಂದಳು. ಮರುದಿನವೇ ನೀಲಿ ಬಟ್ಟೆ ತಂದು ಪರದೆ ಹೊಲಿಯಲು ಕೂತಳು. "ಇನ್ನೂ ಆಗಿಲ್ಲ ಕಣೇ, ಇಷ್ಟು ಆತುರ ಯಾಕೆ?" ಎಂದರೆ, "ಪರದೆ ಇದ್ರೆ ಮನೆ ತಾನಾಗೇ ಬರತ್ತೆ," ಎಂದಳು. ಅಜ್ಜಿಯ ಮೊಮ್ಮಗಳು ನಾನೊಬ್ಬಳೇ ಅಲ್ಲವಲ್ಲ.

ಪರೀಕ್ಷೆಯ ದಿನ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಬೂಟು ಹಾಕಿಕೊಂಡು ಬಂದರು. ಗೇರಣ್ಣ ಮೊಣಕಾಲವರೆಗೆ ಕೆಸರು ಒಣಗಿದ ಪ್ಯಾಂಟಿನಲ್ಲಿ ನಿಂತಿದ್ದರು.

"ಏನ್ ಡ್ರೈವರ್ ಸಾಹೇಬ್ರೆ, ಮದುವೆಗೆ ಹೊರಟಿದ್ದೀರೋ, ಮಣ್ಣಿಗೆ ಹೊರಟಿದ್ದೀರೋ?"

"ಗಾಡಿಗೆ ಮರ್ಯಾದೆ ಬೇಡ್ವೇ ಸರ್?" ಎಂದರು ಭಾವ, ನಾಚಿಕೊಂಡು.

ಮೊದಲು ಒಣಗಿದ ತೊರೆ. ನೀರಿಲ್ಲದ ಪಾತ್ರದ ತುಂಬ ಆನೆಮರಿಗಳಂತೆ ಮಲಗಿದ ಬಂಡೆಗಳು. ಬೆಳ್ಳಿ ಗಾಡಿಯನ್ನು ಸಂಪಾದಕರು ಓಡಿಸಿದರು. ಅದರಲ್ಲಿ ಮರಳು, ಹಿಮ, ಬಂಡೆ ಎಂದು ನೆಲದ ಚಿತ್ರಗಳಿರುವ ಒಂದು ತಿರುಗಣೆ. ಬಂಡೆಗೆ ತಿರುಗಿಸಿದೊಡನೆ ಗಾಡಿ ಉಸಿರು ತುಂಬಿಕೊಂಡು ಎದ್ದು ನಿಂತಿತು. ಆದರೂ ಮೂರನೆಯ ಬಂಡೆಗೆ ಹೊಟ್ಟೆ ಉಜ್ಜಿ ಕರಕರ ಎಂದಿತು. ಸಂಪಾದಕರ ಮುಖ ತಮ್ಮ ಹೊಟ್ಟೆಯೇ ಉಜ್ಜಿದಂತಾಯಿತು. ಹಸಿರಿನಲ್ಲಿ ಗೇರಣ್ಣ. ಎರಡು ಚಕ್ರ ಗಾಳಿಯಲ್ಲಿ ತೇಲಿ ಸುಮ್ಮನೆ ಸುತ್ತಿದವು. ಗಾಡಿಯ ಒಳಗಿನ ಕಂಪ್ಯೂಟರು ಟಕಟಕ ಟಕಟಕ ಎಂದು ಯಾವ ಚಕ್ರಕ್ಕೆ ಬಲ ಕೊಡಬೇಕೆಂದು ಲೆಕ್ಕ ಹಾಕಿತು, ಯೋಚಿಸಿತು, ಆಮೇಲೆ ಹತ್ತಿಸಿತು.

"ಬುದ್ಧಿವಂತ ಗಾಡಿ," ಎಂದರು ಗೇರಣ್ಣ ಇಳಿದು. "ಆದ್ರೆ ಪ್ರತಿ ಕಲ್ಲಿಗೂ ಮೀಟಿಂಗ್ ಮಾಡತ್ತೆ."

ಭಾವನ ಪಕ್ಕದಲ್ಲಿ ನಾನು ಕೂತೆ. ಅವರು ಗೇರನ್ನು ಕೆಳಗಿನ ಹಂತಕ್ಕೆ ತಂದರು. ಆಮೇಲೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆ ಗುಂಡಿಯ ಮೇಲೆ ಬೆರಳಿಟ್ಟರು. ಒತ್ತಿದರು. ಎದುರಿನ ಫಲಕದಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪವೊಂದು ಕಣ್ಣು ಬಿಟ್ಟಿತು. ಇಷ್ಟು ಕಾಲ ಅದು ಅಲ್ಲೇ ನಿದ್ದೆ ಮಾಡುತ್ತಿತ್ತು.

"ಕೆಲಸ ಮಾಡ್ತಿದೆ," ಎಂದರು ಭಾವ ಪಿಸುಮಾತಿನಲ್ಲಿ, ದೀಪಕ್ಕೆ ಕೇಳಿಸಬಾರದೆನ್ನುವಂತೆ.

ಗಾಡಿ ನಡೆಯಿತು. ಹೌದು, ನಡೆಯಿತು, ಓಡಲಿಲ್ಲ, ಹಾರಲಿಲ್ಲ. ವಯಸ್ಸಾದ ಹೆಂಗಸು ಕೆರೆಯ ಮೆಟ್ಟಿಲು ಇಳಿಯುವ ಹಾಗೆ ಒಂದೊಂದೇ ಬಂಡೆಯನ್ನು ಪಾದದಿಂದ ತಡವಿ, ಭಾರ ಬಿಟ್ಟು, ಮುಂದಿನದಕ್ಕೆ ದಾಟಿತು. ಒಂದು ಚಕ್ರ ನನ್ನ ಕಿಟಕಿಯ ಕೆಳಗೆ ಆಕಾಶದಲ್ಲಿ ತೂಗುತ್ತಿದ್ದರೂ ಒಳಗೆ ಚಹಾದ ಫ್ಲಾಸ್ಕು ಅಲುಗಲಿಲ್ಲ. ಮೇಲೆ ಬಂದಾಗ ಗೇರಣ್ಣ ಬಾನೆಟ್ಟನ್ನು ಎರಡು ಸಲ ತಟ್ಟಿದರು.

ಎಲ್ಲದರಲ್ಲೂ ನಮ್ಮದೇ ಮೇಲಾಯಿತೆಂದರೆ ಸುಳ್ಳಾಗುತ್ತದೆ. ಜಲ್ಲಿಯ ಕಡಿದಾದ ಇಳಿಜಾರಿನಲ್ಲಿ ಬೆಳ್ಳಿ ಗಾಡಿಯೇ ರಾಣಿ. ಬ್ರೇಕು ಮುಟ್ಟದೆ, ತಾನೇ ಕಾಲೂರಿ ಕಾಲೂರಿ ಇಳಿಯಿತು. ಆಗಲೂ ಅದರ ಸೀಟು ಸಂಪಾದಕರ ಬೆನ್ನು ಒತ್ತುತ್ತಿತ್ತಂತೆ. "ಸಾಯೋಕೆ ಹೊರಟ್ರೂ ಸುಖವಾಗಿ ಹೋಗಬಹುದು," ಎಂದರು. ನಮ್ಮದು ಆ ಇಳಿಜಾರಿನಲ್ಲಿ ಸ್ವಲ್ಪ ಅಡ್ಡ ಜಾರಿತು. ಭಾವನ ಕತ್ತಿನ ಮೇಲೆ ಬೆವರಿನ ಗೆರೆ ಇಳಿದದ್ದು ನಾನು ನೋಡಿದೆ. ಸೊಂಟ ಮಟ್ಟದ ನೀರಿನ ಹೊಂಡವನ್ನು ಮಾತ್ರ ಕಪ್ಪು ಗಾಡಿ ಎಮ್ಮೆಯಂತೆ ನೆಮ್ಮದಿಯಾಗಿ ದಾಟಿತು.

ಕೊನೆಯದು ಕಡಲ ದಂಡೆ. ಇಳಿತದ ಹೊತ್ತಿಗೆ ನೀರು ದೂರ ಸರಿದು, ಕನ್ನಡಿಯಂಥ ಒದ್ದೆ ನೆಲವನ್ನು ಬಿಟ್ಟುಹೋಗಿತ್ತು. ದಡದಲ್ಲಿ ಜಲ್ಲಿಕಲ್ಲಿನ ಗಟ್ಟಿ ಅಂಚು. ಇಲ್ಲಿ ಗೇರಣ್ಣನದೊಂದು ಕಟ್ಟಳೆ. ಎಷ್ಟೇ ಗಾಡಿ ಬಂದಿರಲಿ, ಒಂದು ಮಾತ್ರ ಗಟ್ಟಿ ನೆಲ ಬಿಡಬಾರದು. ಅದಕ್ಕೆ ಕಾವಲು ಗಾಡಿ ಎಂದು ಹೆಸರು. ಉಳಿದವು ಹೂತರೆ ಎಳೆಯಲು ಒಬ್ಬರಾದರೂ ಕಾಲೂರಿ ನಿಂತಿರಬೇಕಲ್ಲ. ಅದರಂತೆ ಒಂದೊಂದಾಗಿ ಓಡಿದವು. ಮೂರೂ ನೀರು ಚಿಮ್ಮಿಸುತ್ತ ಹೋಗಿ, ದೊಡ್ಡದಾಗಿ ತಿರುಗಿ, ದಡಕ್ಕೆ ಬಂದವು. ಯಾವುದೂ ಹೂತುಹೋಗಲಿಲ್ಲ.

ಬಾನೆಟ್ಟಿನ ಮೇಲೆ ಹಾಳೆ ಹರಡಿ ಸಂಪಾದಕರೂ ಗೇರಣ್ಣನೂ ಅಂಕ ಕೂಡಿದರು. ನಾನು ಉಗುರು ಕಚ್ಚುತ್ತ ನಿಂತೆ. ಭಾವ ಏನೂ ಗೊತ್ತಿಲ್ಲದವರಂತೆ ಹಳದಿ ಬಟ್ಟೆಯಿಂದ ಹಿಂಬದಿಯ ಗಾಜು ಒರೆಸುತ್ತಿದ್ದರು. ಒಂದೇ ಜಾಗವನ್ನು ಮತ್ತೆ ಮತ್ತೆ.

"ಹಳೇ ಹುಲಿಗೆ," ಎಂದರು ಸಂಪಾದಕರು ತಲೆ ಎತ್ತಿ. "ಕೂದಲೆಳೆ ಅಂತರ. ಆದ್ರೂ ಅದಕ್ಕೇ."

ಭಾವ ನನ್ನತ್ತ ನೋಡಿದರು. ಹಳದಿ ಬಟ್ಟೆಯಿಂದಲೇ ಮುಖ ಒರೆಸಿಕೊಂಡರು.

ನಮ್ಮ ಪತ್ರಿಕೆಯಲ್ಲಿ ಒಂದು ರೂಢಿ ಇದೆ. ಹೋಲಿಕೆಯ ಗಾಡಿಗಳೆಲ್ಲ ಮುಖಪುಟದ ಚಿತ್ರದಲ್ಲಿ ಸಾಲಾಗಿ ನಿಲ್ಲುತ್ತವೆ, ಗೆದ್ದದ್ದು ಒಂದು ಗಾಡಿಯಷ್ಟು ಮುಂದೆ. ಓದುವವರಿಗೆ ಹಾಳೆ ತಿರುವುವ ಮೊದಲೇ ಉತ್ತರ ಗೊತ್ತಾಗುತ್ತದೆ. ಬಿಸಿಲಪ್ಪ ಆಗಲೇ ಕ್ಯಾಮರಾ ಹೊತ್ತು ಒದ್ದೆ ನೆಲದ ಮೇಲೆ ಕಡಲಿನ ಕಡೆಗೆ ನಡೆದುಬಿಟ್ಟಿದ್ದ. "ಹಿಂದೆ ಗುಡ್ಡ, ಕೆಳಗೆ ಕನ್ನಡಿ! ಇಂಥದ್ದು ಮತ್ತೆ ಸಿಗಲ್ಲ ಸರ್! ಮೂರೂ ಬರ್ಲಿ!" ಎಂದು ಕೂಗಿದ.

"ಮೂರೂ ಬೇಡ. ಒಂದು ಮೇಲಿರಲಿ," ಎಂದರು ಗೇರಣ್ಣ.

"ಈಗ ತಾನೇ ಮೂರೂ ಓಡಿ ಬಂದಿಲ್ವೇನಯ್ಯಾ?" ಎಂದರು ಸಂಪಾದಕರು.

"ಓಡಿದ್ವು ಸರ್. ನಿಂತಿಲ್ಲ."

"ಎಂಜಿನ್ ಆಫ್ ಮಾಡೋದೇ ಬೇಡ. ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯತ್ತೆ. ಗೆದ್ದಿದ್ದನ್ನೇ ಬಿಟ್ಟು ಫೋಟೋ ತೆಗೆಯೋದಾ?"

ಗೇರಣ್ಣ ಗೊಣಗುತ್ತಲೇ ಹಸಿರನ್ನು ಇಳಿಸಿದರು. ಸಂಪಾದಕರು ಬೆಳ್ಳಿಯನ್ನು. ಭಾವ ಜಲ್ಲಿಯ ಅಂಚಿನಲ್ಲಿ, ಈಗ ಕಾವಲು ಗಾಡಿಯಾಗಿ ಉಳಿದಿದ್ದ ಕಪ್ಪು ಗಾಡಿಯೊಳಗೆ ಕೂತೇ ಇದ್ದರು. ಗೇರಣ್ಣನ ಮಾತು ಅವರ ಕಿವಿಗೂ ಬಿದ್ದಿತ್ತು. ಸಂಪಾದಕರು ಕಿಟಕಿಯಿಂದ ಕೈ ಹೊರಗೆ ಹಾಕಿ, ಎರಡು ಬೆರಳು ಮಡಿಸಿ ಬಿಡಿಸಿದರು. ಹೋಟೆಲಿನ ಬಾಗಿಲಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಯಜಮಾನರಾದವರು ಡ್ರೈವರನ್ನು ಕರೆಯುವ ರೀತಿ. ಅಷ್ಟೇ. ಭಾವನ ಕಾಲು ತಾನಾಗಿ ಬ್ರೇಕು ಬಿಟ್ಟಿತು.

ಅಜ್ಜಿಯ ಕಥೆಯ ರಾಜಕುಮಾರನಿಗೆ ಹಿಂತಿರುಗಿ ನೋಡಬೇಡವೆಂದು ಸನ್ಯಾಸಿ ಸಾರಿ ಸಾರಿ ಹೇಳಿರುತ್ತಾನೆ. ಆದರೂ ನೋಡುತ್ತಾನೆ, ಕಲ್ಲಾಗುತ್ತಾನೆ. ಅಷ್ಟು ಹೇಳಿದ್ದರೂ ಯಾಕೆ ತಿರುಗಿದ ಎಂದು ನಾನು ಅಳುತ್ತ ಕೇಳುತ್ತಿದ್ದೆ. ಅಜ್ಜಿ ನನ್ನ ತಲೆ ನೇವರಿಸುತ್ತ, "ಯಾರೋ ಕರೆದ್ರು ಕಣೇ. ಕರೆದ್ರೆ ತಿರುಗಿಬಿಡ್ತೀವಲ್ವಾ?" ಎನ್ನುತ್ತಿದ್ದಳು.

ಕಪ್ಪು ಗಾಡಿ ಎರಡರ ನಡುವೆ ನುಸುಳಿ, ಒಂದು ಗಾಡಿಯಷ್ಟು ಮುಂದೆ ಹೋಗಿ, ಕಡಲಿಗೆ ಮುಖ ಮಾಡಿ ನಿಂತಿತು. ಮೂರರ ದೀಪಗಳೂ ಹೊತ್ತಿದವು. ಅಷ್ಟರಲ್ಲಿ ಸೂರ್ಯನಿಗೆ ಒಂದು ಮೋಡ ಅಡ್ಡ ಬಂತು.

"ಬಂತು, ಬಂತು, ಈಗ ಬರತ್ತೆ," ಎಂದ ಬಿಸಿಲಪ್ಪ. ನಾವೆಲ್ಲ ಕಾದೆವು. ಎಂಜಿನ್ನುಗಳು ಗುರುಗುಟ್ಟುತ್ತ ನಿಂತಲ್ಲೇ ನಡುಗಿದವು. ಆ ನಡುಕಕ್ಕೆ ಚಕ್ರಗಳ ಸುತ್ತ ಸಣ್ಣ ಸಣ್ಣ ಗುಳ್ಳೆಗಳೇಳುತ್ತಿದ್ದವು. ಕೆಳಗೆ ಯಾರೋ ಉಸಿರಾಡುತ್ತಿರುವ ಹಾಗೆ. ನನಗೆ ಅದು ಚೆಂದ ಕಂಡಿತು.

"ಸರ್," ಎಂದು ಭಾವ ಕಿಟಕಿಯಿಂದ ಕೂಗಿದರು. "ಸ್ಟೀರಿಂಗ್ ಭಾರ ಆಗ್ತಿದೆ ಸರ್. ಇಳೀತಾ ಇದೆ ಅನ್ಸತ್ತೆ."

"ಒಂದ್ನಿಮಿಷ ಇರಪ್ಪಾ!"

ಮೋಡ ಸರಿಯಿತು. ಗುಡ್ಡ ಬಂಗಾರವಾಯಿತು. ಬಿಸಿಲಪ್ಪ ಕುಣಿದುಬಿಟ್ಟ. ಅಲ್ಲಿಂದಲೇ ಚಿತ್ರವನ್ನು ನಮ್ಮೆಲ್ಲರ ಫೋನಿಗೂ ಕಳಿಸಿದ. ಎಂಥ ಚಿತ್ರ! ನಮ್ಮ ಗಾಡಿ ಮುಂದೆ, ಅದರ ನೆರಳು ನೀರಿನಲ್ಲಿ ತಲೆಕೆಳಗಾಗಿ, ಅರಮನೆಯ ಕೊಳದಲ್ಲಿ ನಿಂತ ಕರಿಯ ಆನೆ. ನಾನು ಖುಷಿ ತಡೆಯಲಾರದೆ ಅಕ್ಕನಿಗೆ ಕಳಿಸಿದೆ. 'ನಮ್ಮದೇ ಮುಂದೆ' ಎಂದು ಬರೆದೆ.

"ಸಾಕು, ಹೊರಡಿ!" ಎಂದರು ಸಂಪಾದಕರು.

ಬೆಳ್ಳಿ ಗಾಡಿಯ ಚಕ್ರಗಳು ಗಿರ‍್ರನೆ ತಿರುಗಿದವು, ಗಾಡಿ ಮಾತ್ರ ಇದ್ದಲ್ಲೇ. ಸಂಪಾದಕರು ತಿರುಗಣೆಯನ್ನು ಮರಳಿಗೆ ತಿರುಗಿಸಿದರು, ಕೆಸರಿಗೆ ತಿರುಗಿಸಿದರು, ಕೊನೆಗೆ ಹಿಮಕ್ಕೂ ತಿರುಗಿಸಿದರು. ಪ್ರತಿ ಸಲವೂ ಗಾಡಿ ಇನ್ನೊಂದಿಷ್ಟು ಕುಳಿತಿತು. ಹಸಿರು ಗಾಡಿ ಟಕಟಕ ಎಂದು ಮೀಟಿಂಗ್ ಮಾಡಿತು, ಯಾವ ಚಕ್ರಕ್ಕೂ ಉತ್ತರ ಸಿಗಲಿಲ್ಲ. ಭಾವ ಗುಂಡಿ ಒತ್ತಿ, ಅತಿ ನಿಧಾನವಾಗಿ ಹಿಂದಕ್ಕೆ ಎಳೆದು ನೋಡಿದರು. ನಾಲ್ಕೂ ಚಕ್ರ ಒಟ್ಟಿಗೇ, ಶಿಸ್ತಾಗಿ, ಕೆಳಕ್ಕೆ ಇಳಿದವು. ಓಡುವಾಗ ಹೊತ್ತ ನೆಲ ನಿಂತದ್ದಕ್ಕೆ ನುಂಗತೊಡಗಿತ್ತು.

ಗಟ್ಟಿ ನೆಲದ ಮೇಲೆ ಈಗ ಯಾವ ಗಾಡಿಯೂ ಇರಲಿಲ್ಲ. ಗೇರಣ್ಣ ಆ ಖಾಲಿ ಅಂಚನ್ನೇ ನೋಡುತ್ತ ನಿಂತರು. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾವ ಬೂಟು ಬಿಚ್ಚಿ, ಲೇಸುಗಳನ್ನು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡರು. ಮೊಣಕಾಲೂರಿ ಕೈಯಲ್ಲೇ ಚಕ್ರದ ಸುತ್ತ ತೋಡತೊಡಗಿದರು. ತೋಡಿದಷ್ಟೂ ಗಂಜಿಯಂತೆ ಮತ್ತೆ ತುಂಬಿಕೊಳ್ಳುತ್ತಿತ್ತು. ಚಕ್ರದಡಿ ಕೊಡುವ ಹಲಗೆಗಳು ಎರಡಿದ್ದವು. ಒಂದೊಂದು ಚಕ್ರಕ್ಕೆ ಕೊಟ್ಟೆವು, ಎರಡನ್ನೂ ನೆಲ ನುಂಗಿ ಸುಮ್ಮನಾಯಿತು.

"ನೀರು ತಿರುಗಿತು," ಎಂದರು ಗೇರಣ್ಣ.

ದೂರದಲ್ಲಿ ಬಿಳಿ ಗೆರೆಯೊಂದು ನಮ್ಮ ಕಡೆ ಮುಖ ಮಾಡಿತ್ತು.

ನಾನೂ ಬಿಸಿಲಪ್ಪನೂ ಓಡಿದೆವು. ದೋಣಿಗಳನ್ನು ದಡಕ್ಕೆಳೆಯುವ ಟ್ರ್ಯಾಕ್ಟರೊಂದು ದಂಡೆಯ ಆಚೆ ತುದಿಯಲ್ಲಿತ್ತು. ಅದರ ಯಜಮಾನ ಹರಿದ ಬಲೆಯ ಮೇಲೆ ಮಲಗಿದ್ದ. ನಾವು ಹೇಳಿದ್ದನ್ನು ಕೇಳಿ ಎದ್ದು ಕೂತು, "ಮೂರೂ?" ಎಂದ. "ಒಂದನ್ನಾದ್ರೂ ಮೇಲಿಡಬಾರ್ದಿತ್ತಾ?"

ಅವನು ಬಂದು ಜಲ್ಲಿಯ ಅಂಚಿನಲ್ಲಿ ಟ್ರ್ಯಾಕ್ಟರು ನಿಲ್ಲಿಸಿದ. "ಏನ್ ಸ್ವಾಮಿ, ಮನೆಯವರೆಲ್ಲ ಸೇರಿ ಸ್ನಾನಕ್ಕೆ ಬಂದ್ರಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ನೋಡಿ, ಈ ಕಲ್ಲು ದಾಟಿ ಒಂದು ಹೆಜ್ಜೆ ಇಡಲ್ಲ. ನಂದು ಕೂತ್ರೆ ಅದನ್ನೆಳೆಯೋಕೆ ಈ ಊರಲ್ಲಿ ಇನ್ನೊಂದಿಲ್ಲ. ಹಗ್ಗ ಎಷ್ಟು ದೂರ ಬರತ್ತೋ ಅಷ್ಟು," ಎಂದ.

"ಸರ್, ನಮ್ದು ಮೊದಲು ಎಳೆಸಿ ಸರ್. ನಮ್ದೇ ನೀರಿಗೆ ಹತ್ರ," ಎಂದು ನಾನು ಸಂಪಾದಕರ ತೋಳು ಹಿಡಿದೆ. ಅವರು ನನ್ನನ್ನು ನೋಡಿದರು, ಬೆಳ್ಳಿ ಗಾಡಿಯನ್ನು ನೋಡಿದರು, ಟ್ರ್ಯಾಕ್ಟರಿನವನನ್ನು ನೋಡಿದರು. ಮಾತಾಡಿದವರು ಭಾವನೇ. "ಹಗ್ಗ ಅಲ್ಲಿವರೆಗೂ ಬರಲ್ಲ ಕಥೆಪುಟ್ಟಿ. ಹತ್ತಿರದ್ದು ಮೊದಲು ಹೋಗ್ಲಿ. ಅವು ದಡ ಸೇರಿದ್ರೆ ಅವಕ್ಕೆ ಕಟ್ಟಿದ ಎಳೆಯೋ ಪಟ್ಟಿ ಬಿಚ್ಚಿ ಹಗ್ಗಕ್ಕೆ ಸೇರಿಸಬಹುದು."

ಬೆಳ್ಳಿ ಬಂತು, ಹಲ್ಲು ಕಿತ್ತಂಥ ಸದ್ದು ಮಾಡಿ. ಹಸಿರು ತಡ ಮಾಡಿತು. ಗೇರಣ್ಣ ಅದರ ಮೂತಿಗೆ ಎದೆ ಕೊಟ್ಟು ನೂಕಿದರು. ಅದು ಜಲ್ಲಿ ಮುಟ್ಟುವ ಹೊತ್ತಿಗೆ ನೀರು ನಮ್ಮ ಗಾಡಿಯ ಮುಂದಿನ ಚಕ್ರಗಳನ್ನು ತಲುಪಿತ್ತು.

ಆಗ ಅದು ಕೂಗತೊಡಗಿತು. ಗಾಡಿ ನಿಲ್ಲಿಸುವಾಗ ಗೋಡೆ ಹತ್ತಿರ ಬಂದರೆ ಎಚ್ಚರಿಸುವ ಸೆನ್ಸರುಗಳು ಅಲೆಯನ್ನು ಗೋಡೆ ಎಂದುಕೊಂಡಿದ್ದವು. ಅಲೆ ಬಂದಾಗ ಪೀಂ ಪೀಂ ಪೀಂ, ಅಲೆ ಸರಿದಾಗ ಮೌನ. ಮತ್ತೆ ಪೀಂ ಪೀಂ. ಏನೋ ಹತ್ತಿರ ಬರ್ತಿದೆ, ನೋಡಿ, ಹತ್ತಿರ ಬರ್ತಿದೆ ಎಂದು ಆ ವಿಧೇಯ ಪ್ರಾಣಿ ತನಗೆ ಗೊತ್ತಿದ್ದ ಒಂದೇ ಮಾತನ್ನು ಹೇಳುತ್ತಿತ್ತು.

ಹಗ್ಗ, ಬೆಳ್ಳಿಯ ಪಟ್ಟಿ, ಹಸಿರಿನ ಪಟ್ಟಿ ಎಲ್ಲ ಗಂಟು ಹಾಕಿ ಭಾವ ನೀರಿನಲ್ಲಿ ಎಳೆದುಕೊಂಡು ಹೋದರು. ಗಾಡಿಯ ಹಿಂಬದಿಯ ಕೊಂಡಿ ಕೆಸರಿನಲ್ಲಿ ಹೂತಿತ್ತು. ಕೆನ್ನೆಯನ್ನು ನೀರಿಗಿಟ್ಟು, ತೋಳು ಪೂರ್ತಿ ಒಳಗೆ ತೂರಿ ತಡವಿ ಕೊಂಡಿ ಹಿಡಿದರು. ಇನ್ನೊಂದು ಕೈಯಲ್ಲಿದ್ದ ಹಗ್ಗ ಬಿಗಿಯಾಗಿ ನಿಂತಿತು. ಮುಟ್ಟಲಿಲ್ಲ.

"ಎಷ್ಟು ಕಮ್ಮಿ?" ಎಂದು ಗೇರಣ್ಣ ಕೂಗಿದರು.

ಭಾವ ಕಣ್ಣಲ್ಲೇ ಅಳೆದರು. "ಒಂದು ಗಾಡಿಯಷ್ಟು."

ಯಾರೂ ಸಂಪಾದಕರ ಮುಖ ನೋಡಲಿಲ್ಲ.

ಟ್ರ್ಯಾಕ್ಟರಿನವನು ಒಳ್ಳೆಯವನು. ಅದನ್ನು ಹೇಳಲೇಬೇಕು. ಆಡಿದ ಮಾತು ಮುರಿದು, ಹಿಂಚಕ್ರಗಳನ್ನು ಕಲ್ಲಿನಿಂದ ಕೆಳಗಿಳಿಸಿದ, ಕೊಂಡಿಗೆ ಹಗ್ಗ ಸಿಗುವಷ್ಟು. ಭಾವ ಸಿಕ್ಕಿಸಿದರು. ಟ್ರ್ಯಾಕ್ಟರು ಗರ್ಜಿಸಿತು, ಹಗ್ಗದಿಂದ ನೀರು ಹಿಂಡಿ ಹರಿಯಿತು, ಕಪ್ಪು ಗಾಡಿ ಅಲುಗಿತು. ಅಲುಗಿತು, ನಾನು ನೋಡಿದೆ, ಒಂದು ಗೇಣು ಹಿಂದಕ್ಕೆ ಬಂತು. ಬಾ, ಬಾ, ಬಾರೋ ರಾಜ ಎಂದು ನಾನು ಯಾವಾಗ ಅಳತೊಡಗಿದೆನೋ ತಿಳಿಯದು. ಆಗ ಟ್ರ್ಯಾಕ್ಟರಿನ ಹಿಂಚಕ್ರ ಮರಳನ್ನು ಕಚ್ಚಿ ಕೆಳಗಿಳಿಯಿತು, ಮೂತಿ ಆಕಾಶಕ್ಕೆದ್ದಿತು. ಅವನು ಎಂಜಿನ್ ತಗ್ಗಿಸಿದ. ಇಳಿದು ಬಂದು, ಯಾರ ಮುಖವನ್ನೂ ನೋಡದೆ ಹಗ್ಗ ಬಿಚ್ಚಿದ.

"ನಾಳೆ ಇಳಿತಕ್ಕೆ ಬರ್ತೀನಿ ಅಣ್ಣ. ನಾಲ್ಕು ಜನ ಕರ್ಕೊಂಡು ಬರ್ತೀನಿ," ಎಂದ ಭಾವನಿಗೆ. "ಇದೇ ನನ್ನ ಅನ್ನ. ತಪ್ಪು ತಿಳ್ಕೋಬೇಡ."

"ಇಲ್ಲಪ್ಪ," ಎಂದರು ಭಾವ. "ನೀನಾದ್ರೂ ಹುಷಾರಾಗಿ ಮೇಲೆ ತಗೋ."

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಅದೇ ತಾಳಲಾಗದ್ದು. ಭಾವ ಕೊನೆಯ ಸಲ ಗಾಡಿಗೆ ಹೋಗಿ, ದೊಡ್ಡ ಯಜಮಾನರ ಕೊಡೆ, ಅಕ್ಕ ಹೊಲಿದ ದಿಂಬು, ಹಳದಿ ಬಟ್ಟೆ, ಒಳಗೇ ಉಳಿದಿದ್ದ ತಮ್ಮ ಫೋನು ತಂದರು. ಹೊರಬರುವಾಗ ಅಭ್ಯಾಸಬಲದಿಂದ ಬಾಗಿಲು ಸದ್ದಾಗದಂತೆ ಮೆಲ್ಲಗೆ ಹಾಕಿದರು. ನಾವು ಜಲ್ಲಿಯ ಮೇಲೆ ಸಾಲಾಗಿ ನಿಂತೆವು. ನೀರು ಚಕ್ರ ಮುಚ್ಚಿತು, ಮೆಟ್ಟಿಲು ಮುಚ್ಚಿತು. ದೀಪಗಳು ನೀರೊಳಗೂ ಉರಿಯುತ್ತಿದ್ದವು. ಬೆಳಕಿನ ಎರಡು ಹಸಿರು ಹಾದಿಗಳು ಕಡಲಿನೊಳಕ್ಕೆ ಹೋಗಿದ್ದವು. ಏಳು ಸಮುದ್ರದಾಚೆಗೆ ಹೊರಟ ಕುದುರೆ, ಎಂದು ಮನಸ್ಸು ತನ್ನ ಪಾಡಿಗೆ ಹೇಳಿತು. ಬಾಯಿ ಮುಚ್ಚು ಎಂದೆ ಅದಕ್ಕೆ.

ಪೀಂ ಪೀಂ ಸದ್ದು ಒಮ್ಮೆ ಉದ್ದವಾಗಿ ಎಳೆದು, ನಿಂತಿತು.

ಭಾವನ ಫೋನು ಬಡಿದುಕೊಂಡಿತು. ಒದ್ದೆ ಕೈಯಲ್ಲಿ ಹಿಡಿಯಲಾಗದೆ ಅವರು ಅದನ್ನು ಬೆಳ್ಳಿ ಗಾಡಿಯ ಬಾನೆಟ್ಟಿನ ಮೇಲಿಟ್ಟು ಜೋರಾಗಿ ಕೇಳಿಸುವಂತೆ ಮಾಡಿದರು. ಕಲ್ಲುಗಣಿಯ ಯಜಮಾನರು.

"ಏನಯ್ಯಾ, ಫೋಟೋ ಬಂತು! ನಿಮ್ಮ ಮನೆಯಾಕೆ ದೊಡ್ಡೋರಿಗೆ ಕಳಿಸಿದ್ರಂತೆ, ಅವರು ನನಗೆ ಕಳಿಸಿದ್ರು. ಭೇಷ್! ಎರಡು ಹೊಸದನ್ನ ಹಿಂದೆ ಹಾಕಿ ನಿಂತಿದೆಯಲ್ಲೋ! ನನ್ನ ಮಗನ ಮುಖಕ್ಕೆ ಹಿಡಿದು ತೋರಿಸ್ದೆ. ಬಾಯಿ ಬಿಡಲಿಲ್ಲ. ನಾಳೆ ಗಾಡಿ ತಗೊಂಡು ಬಂದ್ಬಿಡು, ಮನೆ ಬೀಗದಕೈ ಕೊಡ್ತೀನಿ."

"ಸರ್..."

"ನೀರಲ್ಲಿ ಅದರ ನೆರಳು ನೋಡ್ಬೇಕು! ಸಮುದ್ರದ ಮೇಲೇ ನಿಂತ ಹಾಗಿದೆ."

"ಸರ್, ಅದು ಆಗಿನ ಫೋಟೋ."

"ಆಗಿನದು ಅಂದ್ರೆ?"

ಭಾವ ಕಡಲ ಕಡೆ ನೋಡಿದರು. "ಈಗ ಕನ್ನಡಿ ಮತ್ತೆ ಮೇಲ್ಛಾವಣಿ ಕಾಣ್ತಿದೆ ಸರ್. ಹೂತ್ಕೊಂಡ್ತು. ನೀರು ಬಂತು."

ಅಲೆಯ ಸದ್ದು ಅವರಿಗೂ ಕೇಳಿರಬೇಕು. "ಅಲ್ಲಿ ನಿಲ್ಲಿಸು ಅಂದವರ್ಯಾರು?" ಎಂದರು.

ಸಂಪಾದಕರು ಒಂದು ಹೆಜ್ಜೆ ಮುಂದೆ ಬಂದರು. ಬಾಯಿ ತೆರೆದರು. ಭಾವ ಅವರಿಗಾಗಿ ಕಾದರು. ಬಾಗಿಲು ತೆರೆದು ಹಿಡಿದು, ಹತ್ತುವವರಿಗಾಗಿ ಕಾಯುವಷ್ಟು ಹೊತ್ತು. ಆಮೇಲೆ ಫೋನಿಗೆ ಬಾಗಿ, "ಸ್ಟೀರಿಂಗ್ ನನ್ನ ಕೈಯಲ್ಲಿತ್ತು ಸರ್. ನಾನೇ ನಿಲ್ಲಿಸಿದ್ದು," ಎಂದರು.

"ಸರಿ," ಎಂದರು ಗಣಿಯವರು. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ನೋಡೋಣ."

ನೋಡೋಣ ಎಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬಿಸಿಲಪ್ಪ ಕ್ಯಾಮರಾ ಚೀಲದ ಮೇಲೆ ಕುಸಿದು ಕೂತ. ಗೇರಣ್ಣ ಬಂದು ಭಾವನ ಹೆಗಲಿನ ಮೇಲೆ ಕೈಯಿಟ್ಟು, ತೆಗೆದರು. ಭಾವ ಹಳದಿ ಬಟ್ಟೆಯನ್ನು ಹಿಂಡಿದರು. ಕೊಡವಿ ಮಡಿಸಿದರು. ಒರೆಸಲು ಏನೂ ಇರಲಿಲ್ಲ. ಕುತ್ತಿಗೆಯಲ್ಲಿ ಬೂಟುಗಳು ಇನ್ನೂ ಹೊಳೆಯುತ್ತ ತೂಗುತ್ತಿದ್ದವು.

ನನ್ನ ಫೋನು ಮಿಡಿಯಿತು. ಅಕ್ಕ. ಶೆಡ್ಡಿನ ಮೇಲಿನ ಕೋಣೆಯ ಚಿತ್ರ ಕಳಿಸಿದ್ದಳು. ಮಂಚದ ಮೇಲೆ ನೀಲಿ ಪರದೆಗಳು, ಇಸ್ತ್ರಿಯಾಗಿ, ಜೋಡಿ ಜೋಡಿಯಾಗಿ. ಕೆಳಗೆ ಬರೆದಿದ್ದಳು: 'ಎಲ್ಲ ಕಟ್ಟಿಟ್ಟಿದ್ದೀನಿ. ನಿನ್ನ ಭಾವ ಫೋನ್ ಯಾಕೆ ಎತ್ತುತ್ತಿಲ್ಲ? ಜಂಭವಾ?'

ಓದುತ್ತಿರುವಂತೆಯೇ ಅವಳ ಕರೆ ಬಂತು. ನಾನು ಫೋನನ್ನು ಭಾವನ ಕಡೆ ಚಾಚಿದೆ.

"ನೀನೇ ಮಾತಾಡು," ಎಂದರು.

"ನೀವು ಮಾತಾಡಿ ಭಾವ."

"ಏನಂತ?"

ನನಗೂ ಗೊತ್ತಿರಲಿಲ್ಲ. ಅಷ್ಟೊಂದು ಕಥೆ ಕೇಳಿ ಬೆಳೆದವಳಿಗೆ ಒಂದು ವಾಕ್ಯ ಸಿಗಲಿಲ್ಲ. ಫೋನನ್ನು ಬಾನೆಟ್ಟಿನ ಮೇಲಿಟ್ಟೆ. ಅದು ಬಡಿದುಕೊಂಡು ಬಡಿದುಕೊಂಡು, ಬೆಳ್ಳಿಯ ಬಣ್ಣದ ಮೇಲೆ ತಾನೇ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತ, ನಿಂತಿತು. ಮತ್ತೆ ಬಡಿದುಕೊಳ್ಳತೊಡಗಿತು.